ಸ್ಟೇಬಲ್‌ಕಾಯಿನ್ ಹೊರಡಿಸುವುದು: ವೆಚ್ಚ, ಹೊಣೆ ಮತ್ತು ಅಡೆತಡೆಗಳು

ವರ್ತಕರ ನಡುವೆ ಹಣದ ಬದಲಿಗೆ ಕಾಗದ ಕೈಬದಲಾಗುವುದು ಹೊಸ ಸಂಗತಿಯೇನಲ್ಲ. ಹುಂಡಿಯಾಗಲಿ, ಡಿಮ್ಯಾಂಡ್ ಡ್ರಾಫ್ಟ್ ಆಗಲಿ, ಅದರ ಬೆಲೆಯು ಬರೆದುಕೊಟ್ಟವನು ಕೇಳಿದಾಗ ಹಣ ಕೊಡುತ್ತಾನೆಯೇ ಎಂಬ ಒಂದೇ ಪ್ರಶ್ನೆಯನ್ನು ಅವಲಂಬಿಸಿರುತ್ತದೆ. ಸ್ಟೇಬಲ್‌ಕಾಯಿನ್ ಎಂಬ ಹೆಸರಿನಿಂದ ಪ್ರಚಾರದಲ್ಲಿರುವ ಗಣಕ ನಾಣ್ಯವೂ ಇದೇ ಬಗೆಯ ವಾಗ್ದಾನವಾಗಿದ್ದು, ಕಾಗದದ ಬದಲು ಬ್ಲಾಕ್‌ಚೈನ್ ಎಂಬ ಸಾಮೂಹಿಕ ಲೆಕ್ಕಪುಸ್ತಕದಲ್ಲಿ ದಾಖಲಾಗಿರುತ್ತದೆ.

ಈ ವಿಷಯವು ಈಗ ಎರಡು ದಾರಿಗಳಲ್ಲಿ ವ್ಯಾಪಾರಸ್ಥರ ಬಾಗಿಲಿಗೆ ಬರುತ್ತಿದೆ. ವಿದೇಶದ ಖರೀದಿದಾರನು ಬ್ಯಾಂಕಿನ ಬದಲು ಡಾಲರ್ ಸ್ಟೇಬಲ್‌ಕಾಯಿನ್ ಮೂಲಕ ಹಣ ಕಳುಹಿಸುವುದಾಗಿ ಹೇಳುವುದು ಮೊದಲನೆಯದು. ವರ್ತಕರ ಒಂದು ವಲಯವೇ ತನ್ನದೇ ನಾಣ್ಯವನ್ನು ಹೊರಡಿಸಬಹುದು, ಅದಕ್ಕೆ ತಗಲುವ ಖರ್ಚು ಅತ್ಯಲ್ಪ ಎಂದು ತಂತ್ರಾಂಶದವರು ಆಸೆ ಹುಟ್ಟಿಸುವುದು ಎರಡನೆಯದು. ನಾಣ್ಯವನ್ನು ಸೃಷ್ಟಿಸುವ ತಂತ್ರಾಂಶದ ಖರ್ಚು ಅಲ್ಪವೆಂಬುದು ನಿಜ. ಆದರೆ ಚೆಕ್ ಪುಸ್ತಕ ಮುದ್ರಿಸುವ ಖರ್ಚಿಗೂ ಬ್ಯಾಂಕ್ ನಡೆಸುವ ಖರ್ಚಿಗೂ ಇರುವಷ್ಟೇ ಅಂತರ ಇಲ್ಲಿಯೂ ಇದೆ. ಆ ಅಂತರದ ವಿವರಗಳನ್ನು ಬಾಬುವಾರಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸ್ಟೇಬಲ್‌ಕಾಯಿನ್ ಎಂದರೇನು?

ಬಿಟ್‌ಕಾಯಿನ್ ಮುಂತಾದವುಗಳ ಬೆಲೆ ದಿನದಿನಕ್ಕೆ ಏರಿಳಿಯುವುದರಿಂದ ಅವುಗಳಲ್ಲಿ ಸರಕಿನ ಬೆಲೆ ಗೊತ್ತುಪಡಿಸಲು ಸಾಧ್ಯವಿಲ್ಲ. ಈ ಕೊರತೆಯನ್ನು ನೀಗಲು ಒಂದು ನಾಣ್ಯಕ್ಕೆ ಒಂದು ಡಾಲರ್, ಅಥವಾ ಒಂದು ಯೂರೋ, ಎಂಬ ಸ್ಥಿರ ಮೌಲ್ಯವನ್ನು ಘೋಷಿಸಿ ಹೊರಡಿಸುವ ನಾಣ್ಯವೇ ಸ್ಟೇಬಲ್‌ಕಾಯಿನ್. 2014ರಲ್ಲಿ ಆರಂಭವಾದ ಟೆದರ್ ಮತ್ತು 2018ರಲ್ಲಿ ಸರ್ಕಲ್ ಸಂಸ್ಥೆಯು ಹೊರಡಿಸಿದ ಯುಎಸ್‌ಡಿಸಿ ಇವುಗಳಲ್ಲಿ ಪ್ರಮುಖವಾದವು.

ಇದರ ಕಾರ್ಯವಿಧಾನ ಸರಳವಾಗಿದೆ. ಗ್ರಾಹಕನು 100 ಡಾಲರ್ ಕೊಟ್ಟಾಗ ಸಂಸ್ಥೆಯು 100 ನಾಣ್ಯಗಳನ್ನು ಸೃಷ್ಟಿಸಿ ಕೊಡುತ್ತದೆ ಮತ್ತು ಆ ಹಣವನ್ನು ಮೀಸಲು ನಿಧಿಯಲ್ಲಿ ಇರಿಸುತ್ತದೆ. ನಾಣ್ಯಗಳು ಹಿಂದಿರುಗಿದಾಗ ಹಣವನ್ನು ಮರಳಿಸಿ ನಾಣ್ಯಗಳನ್ನು ರದ್ದುಗೊಳಿಸುತ್ತದೆ. ಅಢಾವೆ ಪತ್ರಿಕೆಯ ದೃಷ್ಟಿಯಿಂದ ನೋಡಿದರೆ ಚಲಾವಣೆಯಲ್ಲಿರುವ ಪ್ರತಿ ನಾಣ್ಯವೂ ಸಂಸ್ಥೆಯ ಮೇಲಿನ ಸಾಲ. ಮೀಸಲು ನಿಧಿಯು ಆ ಸಾಲಕ್ಕೆ ಎದುರಾಗಿ ನಿಂತಿರುವ ಆಸ್ತಿಯೇ ಹೊರತು ಮಾಲೀಕರ ಬಂಡವಾಳವಲ್ಲ. ಮುಂದೆ ವಿವರಿಸುವ ಬಹುತೇಕ ದುರಂತಗಳಿಗೆ ಈ ಮೂಲತತ್ತ್ವವನ್ನು ಮರೆತದ್ದೇ ಕಾರಣವಾಗಿದೆ.

ಆದಾಯ ಎಲ್ಲಿಂದ ಬರುತ್ತದೆ?

ನಾಣ್ಯವನ್ನು ಹಿಡಿದವನಿಗೆ ಬಡ್ಡಿ ಸಿಗುವುದಿಲ್ಲ. ಆತನು ಕೊಟ್ಟ ಹಣವನ್ನು ಸಂಸ್ಥೆಯು ಸರ್ಕಾರದ ಅಲ್ಪಾವಧಿ ಖಜಾನೆ ಬಿಲ್ಲುಗಳಲ್ಲಿ ತೊಡಗಿಸಿದಾಗ ಬರುವ ಬಡ್ಡಿಯೇ ಮುಖ್ಯ ಆದಾಯ. ಗ್ರಾಹಕರಿಂದ ಬಂದ ಮುಂಗಡ ಹಣವನ್ನು ಸರಕು ಕೊಡುವವರೆಗೆ ಠೇವಣಿಯಲ್ಲಿಟ್ಟು ಬಡ್ಡಿ ಗಳಿಸುವ ವ್ಯಾಪಾರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಚಲಾವಣೆ ದೊಡ್ಡದಾಗಿದ್ದರೆ ಈ ವ್ಯವಹಾರ ಅತ್ಯಂತ ಲಾಭದಾಯಕ. 2024ರಲ್ಲಿ 1,300 ಕೋಟಿ ಡಾಲರಿಗೂ ಹೆಚ್ಚು ಲಾಭ ಗಳಿಸಿರುವುದಾಗಿ ಟೆದರ್ ಸಂಸ್ಥೆಯು ಪ್ರಕಟಿಸಿದೆ. ಈ ಅಂಕಿಯನ್ನು ಕಂಡು ಈ ಕ್ಷೇತ್ರಕ್ಕೆ ಧುಮುಕಲು ಬಯಸುವವರು ಅನೇಕ. ಆದರೆ ಎರಡನೆಯ ಸ್ಥಾನದಲ್ಲಿರುವ ಸರ್ಕಲ್ ಸಂಸ್ಥೆಯ ಲೆಕ್ಕಪತ್ರಗಳು ಬೇರೆಯದೇ ಚಿತ್ರವನ್ನು ಕೊಡುತ್ತವೆ. 2025ರ ಜೂನ್‌ನಲ್ಲಿ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರವನ್ನು ಪ್ರವೇಶಿಸುವ ಮುನ್ನ ಸಂಸ್ಥೆಯು ಸಲ್ಲಿಸಿದ ದಾಖಲೆಯ ಪ್ರಕಾರ 2024ರಲ್ಲಿ ಅದರ ಒಟ್ಟು ಆದಾಯ ಸುಮಾರು 168 ಕೋಟಿ ಡಾಲರ್. ಇದರಲ್ಲಿ ಶೇ. 99ರಷ್ಟು ಮೀಸಲು ನಿಧಿಯ ಮೇಲಿನ ಬಡ್ಡಿ. ವಿತರಣೆ ಮತ್ತು ವಹಿವಾಟಿನ ವೆಚ್ಚ ಸುಮಾರು 101 ಕೋಟಿ ಡಾಲರ್. ಅದರಲ್ಲಿ ಕಾಯಿನ್‌ಬೇಸ್ ಎಂಬ ಒಂದೇ ವಿನಿಮಯ ಸಂಸ್ಥೆಗೆ ಸಂದಾಯವಾದದ್ದು ಸುಮಾರು 91 ಕೋಟಿ. ಎಲ್ಲ ಖರ್ಚು ಕಳೆದು ಉಳಿದ ನಿವ್ವಳ ಲಾಭ ಸುಮಾರು 15.6 ಕೋಟಿ ಡಾಲರ್.

ಅಂದರೆ ಬಂದ ಆದಾಯದಲ್ಲಿ ಶೇ. 60ರಷ್ಟು ನಾಣ್ಯವನ್ನು ಜನರ ಕೈಗೆ ತಲುಪಿಸಿದವರ ಪಾಲಾಯಿತು. ಸರಕು ತಯಾರಿಸುವವನಿಗಿಂತ ಅದನ್ನು ಮಾರುವ ಮಳಿಗೆಯವನು ಹೆಚ್ಚು ಪಡೆಯುವ ಸಂದರ್ಭವನ್ನು ಸಣ್ಣ ಕೈಗಾರಿಕೋದ್ಯಮಿಗಳು ಚೆನ್ನಾಗಿ ಬಲ್ಲರು. ಇಲ್ಲಿ ಆಗಿರುವುದೂ ಅದೇ.

ವೆಚ್ಚದ ಬಾಬುಗಳು

1. ಪರವಾನಗಿ ಮತ್ತು ಸ್ವಂತ ಬಂಡವಾಳ: ಯಾರು ಬೇಕಾದರೂ ನಾಣ್ಯ ಹೊರಡಿಸಬಹುದಾದ ಕಾಲ ಮುಗಿದಿದೆ. ಐರೋಪ್ಯ ಒಕ್ಕೂಟದ ಮೈಕಾ ನಿಯಮಾವಳಿಯ ಸ್ಟೇಬಲ್‌ಕಾಯಿನ್ ಭಾಗವು 2024ರ ಜೂನ್ 30ರಿಂದ ಅನ್ವಯವಾಗಿದೆ. ಅದರಂತೆ ಒಂದೇ ಕರೆನ್ಸಿಗೆ ಹೊಂದಿಸಿದ ನಾಣ್ಯವನ್ನು ಬ್ಯಾಂಕುಗಳು ಅಥವಾ ವಿದ್ಯುನ್ಮಾನ ಹಣ ಸಂಸ್ಥೆಯ ಪರವಾನಗಿ ಪಡೆದವರು ಮಾತ್ರ ಹೊರಡಿಸಬಹುದು. ವಿದ್ಯುನ್ಮಾನ ಹಣ ಸಂಸ್ಥೆಗೆ ಕನಿಷ್ಠ 3.5 ಲಕ್ಷ ಯೂರೋ ಅಥವಾ ಚಲಾವಣೆಯ ಶೇ. 2ರಷ್ಟು, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಸ್ವಂತ ನಿಧಿ ಅಗತ್ಯ. ಹಾಂಗ್‌ಕಾಂಗ್‌ನಲ್ಲಿ 2025ರ ಆಗಸ್ಟ್ 1ರಂದು ಜಾರಿಗೆ ಬಂದ ಕಾನೂನು ಬ್ಯಾಂಕೇತರ ಸಂಸ್ಥೆಗಳಿಗೆ 2.5 ಕೋಟಿ ಹಾಂಗ್‌ಕಾಂಗ್ ಡಾಲರ್ ಪಾವತಿಯಾದ ಬಂಡವಾಳವನ್ನು ವಿಧಿಸುತ್ತದೆ. ಅಮೆರಿಕದಲ್ಲಿ 2025ರ ಜುಲೈ 18ರಂದು ಅಧ್ಯಕ್ಷರ ಅಂಕಿತ ಪಡೆದ ಜೀನಿಯಸ್ ಕಾಯಿದೆಯು ಈ ವ್ಯವಹಾರವನ್ನು ಅನುಮತಿ ಪಡೆದ ಸಂಸ್ಥೆಗಳಿಗೆ ಸೀಮಿತಗೊಳಿಸುತ್ತದೆ. 1,000 ಕೋಟಿ ಡಾಲರ್ ಮೀರದ ಚಲಾವಣೆಯವರು ರಾಜ್ಯಮಟ್ಟದ ನಿಯಂತ್ರಣಕ್ಕೆ ಒಳಪಡುವ ಆಯ್ಕೆಯೂ ಅದರಲ್ಲಿದೆ.

ಈ ಬಂಡವಾಳ ಖರ್ಚಾಗಿ ಹೋಗುವುದಿಲ್ಲವಾದರೂ ಬೇರೆ ಉದ್ಯಮಕ್ಕೆ ಬಳಸಲಾಗದಂತೆ ಕಟ್ಟಿಬೀಳುತ್ತದೆ. ಅರ್ಜಿ ಸಲ್ಲಿಸಿ ಅನುಮತಿ ಕೈಸೇರುವವರೆಗಿನ ಅವಧಿಯಲ್ಲಿ ವಕೀಲರ ಶುಲ್ಕ, ಸಿಬ್ಬಂದಿಯ ಸಂಬಳ, ಕಚೇರಿ ಬಾಡಿಗೆ ಎಲ್ಲವೂ ನಡೆಯುತ್ತಿರಬೇಕು. ಆದಾಯ ಮಾತ್ರ ಶೂನ್ಯ. ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಚಲಾವಣೆ ಬಯಸುವವರಿಗೆ ಪ್ರತಿ ದೇಶದಲ್ಲಿಯೂ ಈ ಖರ್ಚು ಮರುಕಳಿಸುತ್ತದೆ.

2. ಮೀಸಲು ನಿಧಿಯ ನಿರ್ವಹಣೆ: ಮೀಸಲನ್ನು ಎಲ್ಲೆಂದರಲ್ಲಿ ತೊಡಗಿಸುವಂತಿಲ್ಲ. ಅಮೆರಿಕದ ಕಾಯಿದೆಯು ನಗದು, ಬ್ಯಾಂಕ್ ಠೇವಣಿ, 93 ದಿನಗಳೊಳಗೆ ಮುಗಿಯುವ ಖಜಾನೆ ಬಿಲ್ಲುಗಳು ಮುಂತಾದ ಕೆಲವೇ ಆಸ್ತಿಗಳಿಗೆ ಅವಕಾಶ ನೀಡಿದೆ. ಮೀಸಲಿನ ವಿವರವನ್ನು ಪ್ರತಿ ತಿಂಗಳು ಪ್ರಕಟಿಸಬೇಕು. ಅದನ್ನು ನೋಂದಾಯಿತ ಲೆಕ್ಕಪರಿಶೋಧನಾ ಸಂಸ್ಥೆಯು ಪರಿಶೀಲಿಸಿರಬೇಕು. ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ಮತ್ತು ಹಣಕಾಸು ಮುಖ್ಯಸ್ಥರಿಬ್ಬರೂ ಪ್ರಮಾಣೀಕರಿಸಬೇಕು. ಐರೋಪ್ಯ ನಿಯಮದಲ್ಲಿ ವಿದ್ಯುನ್ಮಾನ ಹಣ ಸಂಸ್ಥೆಯು ಮೀಸಲಿನ ಕನಿಷ್ಠ ಶೇ. 30ರಷ್ಟನ್ನು ಬ್ಯಾಂಕುಗಳಲ್ಲಿ ಪ್ರತ್ಯೇಕ ಖಾತೆಗಳಲ್ಲಿ ಇರಿಸಬೇಕು. ದೊಡ್ಡ ಪ್ರಮಾಣದ ನಾಣ್ಯಗಳಿಗೆ ಇದು ಶೇ. 60.

ಬ್ಯಾಂಕ್ ಶುಲ್ಕ, ಪಾಲಕ ಸಂಸ್ಥೆಯ ಶುಲ್ಕ, ಮಾಸಿಕ ಪರಿಶೀಲನೆ, ವಾರ್ಷಿಕ ಲೆಕ್ಕಪರಿಶೋಧನೆ ಇವೆಲ್ಲವೂ ಚಲಾವಣೆ ಚಿಕ್ಕದಾಗಿದ್ದರೂ ತಪ್ಪದ ಸ್ಥಿರ ವೆಚ್ಚಗಳು. ಇವುಗಳಿಗೂ ಮೊದಲು ಖಾತೆ ತೆರೆಯಲು ಒಪ್ಪುವ ಬ್ಯಾಂಕನ್ನು ಹುಡುಕುವುದೇ ಹೊಸಬರಿಗೆ ಒಂದು ದೊಡ್ಡ ಕೆಲಸ.

3. ತಾಂತ್ರಿಕ ವ್ಯವಸ್ಥೆ ಮತ್ತು ಆಂತರಿಕ ತಪಾಸಣೆ: ನಾಣ್ಯದ ಸೃಷ್ಟಿ, ವರ್ಗಾವಣೆ, ರದ್ದತಿಗಳನ್ನು ನಡೆಸುವ ತಂತ್ರಾಂಶವನ್ನು ಬರೆಯುವುದು ಚಿಕ್ಕ ಭಾಗ. ಅದರಲ್ಲಿ ದೋಷವಿಲ್ಲವೆಂದು ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸುವುದು, ಸೃಷ್ಟಿಯ ಅಧಿಕಾರವಿರುವ ಗುಪ್ತ ಕೀಲಿಗಳನ್ನು ಕಾಯುವುದು, ಚಲಾವಣೆಯ ಮೊತ್ತವನ್ನೂ ಬ್ಯಾಂಕ್ ಶಿಲ್ಕನ್ನೂ ಪ್ರತಿದಿನ ತಾಳೆ ನೋಡುವುದು ನಿರಂತರ ಖರ್ಚಿನ ಭಾಗ. ನಾಣ್ಯವು ಒಂದಕ್ಕಿಂತ ಹೆಚ್ಚು ಬ್ಲಾಕ್‌ಚೈನ್‌ಗಳಲ್ಲಿ ಇದ್ದರೆ ಈ ಕೆಲಸ ಅಷ್ಟೇ ಪಟ್ಟು ಬೆಳೆಯುತ್ತದೆ.

ಪೇಪಾಲ್ ಹೆಸರಿನ ನಾಣ್ಯವನ್ನು ಹೊರಡಿಸುವ ಪ್ಯಾಕ್ಸೋಸ್ ಸಂಸ್ಥೆಯಲ್ಲಿ 2025ರ ಅಕ್ಟೋಬರ್‌ನಲ್ಲಿ ನಡೆದ ಪ್ರಸಂಗ ಇಲ್ಲಿ ಗಮನಾರ್ಹ. ತಾಂತ್ರಿಕ ತಪ್ಪಿನಿಂದ 300 ಲಕ್ಷ ಕೋಟಿ ಡಾಲರ್ ಮುಖಬೆಲೆಯ ನಾಣ್ಯಗಳು ಒಮ್ಮೆಲೇ ಸೃಷ್ಟಿಯಾದವು. ಕೆಲವೇ ನಿಮಿಷಗಳಲ್ಲಿ ಅವುಗಳನ್ನು ರದ್ದುಗೊಳಿಸಲಾಯಿತು ಮತ್ತು ಗ್ರಾಹಕರ ಹಣಕ್ಕೆ ಧಕ್ಕೆಯಾಗಿಲ್ಲವೆಂದು ಸಂಸ್ಥೆಯು ತಿಳಿಸಿತು. ಆದರೂ ಮೀಸಲಿನ ಮೊತ್ತವನ್ನು ಮೀರಿ ನಾಣ್ಯ ಸೃಷ್ಟಿಯಾಗದಂತೆ ತಡೆಯುವ ವ್ಯವಸ್ಥೆ ಎಷ್ಟು ಮುಖ್ಯವೆಂಬುದು ಇದರಿಂದ ಸ್ಪಷ್ಟವಾಯಿತು. ವೋಚರ್ ಇಲ್ಲದೆ ಜಮಾ-ಖರ್ಚು ಬರೆಯಬಾರದೆಂಬ ಹಳೆಯ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

4. ಗ್ರಾಹಕರ ಗುರುತು ಮತ್ತು ಅಕ್ರಮ ಹಣದ ತಡೆ: ನಾಣ್ಯವು ಕೈಯಿಂದ ಕೈಗೆ ಸಾಗುತ್ತಾ ಹೊರಡಿಸಿದವರಿಗೆ ಪರಿಚಯವೇ ಇಲ್ಲದವರನ್ನು ಸೇರುತ್ತದೆ. ಆದರೂ ಅಕ್ರಮ ವ್ಯವಹಾರ ಕಂಡುಬಂದಾಗ ನಾಣ್ಯವನ್ನು ತಡೆಹಿಡಿಯುವ, ಸರ್ಕಾರಿ ಆದೇಶವನ್ನು ಪಾಲಿಸುವ ಹೊಣೆ ಹೊರಡಿಸಿದವರದೇ. ಇದಕ್ಕಾಗಿ ವಹಿವಾಟುಗಳನ್ನು ಹಗಲೂ ರಾತ್ರಿ ಗಮನಿಸುವ ತಂತ್ರಾಂಶ ಮತ್ತು ಸಿಬ್ಬಂದಿ ಅಗತ್ಯ. ಇಲ್ಲಿ ಕೈಬಿಗಿ ಮಾಡಿದರೆ ಮುಂದೆ ದಂಡದ ರೂಪದಲ್ಲಿ ತೆರಬೇಕಾಗುತ್ತದೆ. ಬೈನಾನ್ಸ್ ಸಂಸ್ಥೆಯ ಹೆಸರಿನ ಬಿಯುಎಸ್‌ಡಿ ನಾಣ್ಯದ ಹೊಸ ಸೃಷ್ಟಿಯನ್ನು ನಿಲ್ಲಿಸುವಂತೆ ನ್ಯೂಯಾರ್ಕ್ ಹಣಕಾಸು ಸೇವಾ ಇಲಾಖೆಯು 2023ರ ಫೆಬ್ರವರಿಯಲ್ಲಿ ಪ್ಯಾಕ್ಸೋಸ್‌ಗೆ ಆದೇಶಿಸಿದಾಗ ಸುಮಾರು 1,600 ಕೋಟಿ ಡಾಲರ್ ಮೌಲ್ಯದ ನಾಣ್ಯ ಚಲಾವಣೆಯಲ್ಲಿತ್ತು. 2025ರ ಆಗಸ್ಟ್‌ನಲ್ಲಿ ಸಂಸ್ಥೆಯು 2.65 ಕೋಟಿ ಡಾಲರ್ ದಂಡ ತೆರಲು ಮತ್ತು ನಿಯಮಪಾಲನಾ ವ್ಯವಸ್ಥೆಗೆ ಇನ್ನೂ 2.2 ಕೋಟಿ ಡಾಲರ್ ವಿನಿಯೋಗಿಸಲು ಒಪ್ಪಿತು.

5. ವಿತರಣೆ ಮತ್ತು ಮಾರುಕಟ್ಟೆ: ಎಲ್ಲಕ್ಕಿಂತ ದೊಡ್ಡ ಬಾಬು ಇದು. ಯಾರೂ ಸ್ವೀಕರಿಸದ ನಾಣ್ಯವನ್ನು ಯಾರೂ ಕೊಳ್ಳುವುದಿಲ್ಲ. ಯಾರೂ ಕೊಳ್ಳದ ನಾಣ್ಯವನ್ನು ಯಾರೂ ಸ್ವೀಕರಿಸುವುದಿಲ್ಲ. ಈ ಸುತ್ತನ್ನು ಮುರಿಯಲು ವಿನಿಮಯ ಕೇಂದ್ರಗಳಿಗೆ, ಪಾವತಿ ಸಂಸ್ಥೆಗಳಿಗೆ, ಯಾವ ಸಮಯದಲ್ಲಾದರೂ ಕೊಳ್ಳಲು ಮತ್ತು ಮಾರಲು ಸಿದ್ಧರಿರುವ ಮಧ್ಯವರ್ತಿಗಳಿಗೆ ಪ್ರೋತ್ಸಾಹಧನ ಕೊಡಬೇಕಾಗುತ್ತದೆ. ಬಡ್ಡಿಯನ್ನು ನೇರವಾಗಿ ಗ್ರಾಹಕರಿಗೆ ಹಂಚಿ ಆಕರ್ಷಿಸಲೂ ಅಡ್ಡಿಯಿದೆ. ಹೊರಡಿಸಿದ ಸಂಸ್ಥೆಯು ನಾಣ್ಯ ಹಿಡಿದವರಿಗೆ ಬಡ್ಡಿ ಕೊಡುವುದನ್ನು ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ಕಾನೂನುಗಳೆರಡೂ ನಿಷೇಧಿಸಿವೆ.

ಒಂದು ಮಾದರಿ ಲೆಕ್ಕ

ಮೇಲಿನ ಅಂಶಗಳನ್ನು ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ನೋಡಬಹುದು. ಒಂದು ಸಂಸ್ಥೆಯು 10 ಕೋಟಿ ಡಾಲರ್ ಮೌಲ್ಯದ ನಾಣ್ಯವನ್ನು ಚಲಾವಣೆಗೆ ತಂದಿದೆ. ಮೀಸಲಿನ ಮೇಲೆ ವಾರ್ಷಿಕ ಶೇ. 4ರ ಬಡ್ಡಿ ಬರುತ್ತದೆ, ಆದಾಯದ ಶೇ. 60 ವಿತರಕರಿಗೆ ಸಲ್ಲುತ್ತದೆ. ಪರವಾನಗಿ, ಸಿಬ್ಬಂದಿ, ಲೆಕ್ಕಪರಿಶೋಧನೆ, ತಂತ್ರಜ್ಞಾನ ಎಲ್ಲ ಸೇರಿ ಸ್ಥಿರ ವೆಚ್ಚ ವರ್ಷಕ್ಕೆ 30 ಲಕ್ಷ ಡಾಲರ್ ಎಂದು ಭಾವಿಸೋಣ.

ಬಡ್ಡಿ ಆದಾಯ: 40 ಲಕ್ಷ ಡಾಲರ್
ವಿತರಕರ ಪಾಲು: 24 ಲಕ್ಷ ಡಾಲರ್
ಉಳಿಕೆ: 16 ಲಕ್ಷ ಡಾಲರ್
ಸ್ಥಿರ ವೆಚ್ಚ: 30 ಲಕ್ಷ ಡಾಲರ್
ವರ್ಷದ ನಷ್ಟ: 14 ಲಕ್ಷ ಡಾಲರ್

ಪ್ರತಿ 100 ಡಾಲರ್ ಚಲಾವಣೆಯಿಂದ ಸಂಸ್ಥೆಗೆ ಉಳಿಯುವುದು 1 ಡಾಲರ್ 60 ಸೆಂಟ್ ಮಾತ್ರ. ಆದುದರಿಂದ ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತವನ್ನು ಮುಟ್ಟಲು 18.75 ಕೋಟಿ ಡಾಲರ್ ಚಲಾವಣೆ ಬೇಕು. ಇನ್ನು ಬಡ್ಡಿದರ ಶೇ. 2ಕ್ಕೆ ಇಳಿದರೆ ಉಳಿಕೆಯು 80 ಸೆಂಟ್‌ಗೆ ಇಳಿದು, ಅದೇ ಹಂತಕ್ಕೆ 37.5 ಕೋಟಿ ಡಾಲರ್ ಚಲಾವಣೆ ಬೇಕಾಗುತ್ತದೆ. ಬಡ್ಡಿದರವನ್ನು ನಿರ್ಧರಿಸುವುದು ಕೇಂದ್ರ ಬ್ಯಾಂಕು. ಹೀಗೆ ಆದಾಯವು ಪರರ ಕೈಯಲ್ಲಿಯೂ ವೆಚ್ಚವು ತನ್ನ ಕೈಯಲ್ಲಿಯೂ ಇರುವ ವ್ಯವಹಾರ ಇದಾಗಿದೆ.

ಹೆಚ್ಚು ಬಡ್ಡಿಯ ಆಸೆಯಿಂದ ಮೀಸಲನ್ನು ದೀರ್ಘಾವಧಿ ಸಾಲಪತ್ರಗಳಲ್ಲಿ ತೊಡಗಿಸಿದರೆ ಏನಾಗುತ್ತದೆ? ಸ್ವಂತ ನಿಧಿಯು ಚಲಾವಣೆಯ ಶೇ. 2ರಷ್ಟಿದ್ದಾಗ, ಬಡ್ಡಿದರ ಏರಿ ಸಾಲಪತ್ರಗಳ ಬೆಲೆ ಶೇ. 3ರಷ್ಟು ಕುಸಿದರೂ ಸ್ವಂತ ನಿಧಿ ಪೂರ್ಣ ಕರಗಿ ಗ್ರಾಹಕರ ಹಣಕ್ಕೇ ಕೊರತೆ ಬೀಳುತ್ತದೆ. ಕಾನೂನುಗಳು ಅಲ್ಪಾವಧಿ ಬಿಲ್ಲುಗಳನ್ನೇ ವಿಧಿಸಿರುವುದಕ್ಕೆ ಕಾರಣ ಇದೇ.

ಎಡವಿದವರ ಅನುಭವ

ಹಣಬಲವೊಂದರಿಂದಲೇ ಈ ಕ್ಷೇತ್ರದಲ್ಲಿ ನೆಲೆಯೂರಲಾಗದು ಎಂಬುದಕ್ಕೆ ಫೇಸ್‌ಬುಕ್ ಸಂಸ್ಥೆಯ ಲಿಬ್ರಾ ಯೋಜನೆಯು ಸಾಕ್ಷಿ. 2019ರ ಜೂನ್‌ನಲ್ಲಿ ಪ್ರಕಟವಾದ ಈ ಯೋಜನೆಗೆ ಜಿನೀವಾದಲ್ಲಿ ಸಂಘವೊಂದನ್ನು ಸ್ಥಾಪಿಸಿ, ಪ್ರತಿ ಸ್ಥಾಪಕ ಸದಸ್ಯನೂ ಕನಿಷ್ಠ 1 ಕೋಟಿ ಡಾಲರ್ ತೊಡಗಿಸಬೇಕೆಂದು ನಿಗದಿಪಡಿಸಲಾಗಿತ್ತು. ಹಲವು ರಾಷ್ಟ್ರಗಳ ಸರ್ಕಾರಗಳಿಂದ ಆಕ್ಷೇಪ ಬಂದೊಡನೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್ ಮುಂತಾದವು ಹಿಂದೆ ಸರಿದವು. 2020ರ ಡಿಸೆಂಬರ್‌ನಲ್ಲಿ ಡೀಮ್ ಎಂದು ಹೆಸರು ಬದಲಾಯಿತು. 2021ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಪರವಾನಗಿ ಅರ್ಜಿಯನ್ನು ಹಿಂಪಡೆದು ಅಮೆರಿಕಕ್ಕೆ ಸ್ಥಳಾಂತರವಾಯಿತು. ಒಂದು ನಾಣ್ಯವೂ ಸಾರ್ವಜನಿಕ ಚಲಾವಣೆಗೆ ಬಾರದೆ 2022ರ ಜನವರಿಯಲ್ಲಿ ಅದರ ತಂತ್ರಜ್ಞಾನ ಆಸ್ತಿಗಳನ್ನು ಸಿಲ್ವರ್‌ಗೇಟ್ ಬ್ಯಾಂಕಿಗೆ ಸುಮಾರು 18.2 ಕೋಟಿ ಡಾಲರಿಗೆ ಮಾರಲಾಯಿತು. ಕೊಂಡ ಬ್ಯಾಂಕು ಒಂದೇ ವರ್ಷದಲ್ಲಿ, 2023ರ ಜನವರಿಯಲ್ಲಿ, ಆ ಬಾಬಿನಲ್ಲಿ ಸುಮಾರು 19.6 ಕೋಟಿ ಡಾಲರ್ ನಷ್ಟ ಬರೆಯಿತು ಮತ್ತು ಮಾರ್ಚ್‌ನಲ್ಲಿ ತನ್ನ ವ್ಯವಹಾರವನ್ನೇ ಮುಚ್ಚುವುದಾಗಿ ಘೋಷಿಸಿತು.

ಮೀಸಲಿಲ್ಲದೆ ಗಣಿತದ ಸೂತ್ರದಿಂದಲೇ ಬೆಲೆಯನ್ನು ಕಾಯಲು ಹೊರಟ ಟೆರಾಯುಎಸ್‌ಡಿ ಎಂಬ ನಾಣ್ಯದ ಕಥೆ ಇನ್ನೂ ದಾರುಣ. ಅದನ್ನು ಠೇವಣಿ ಇಟ್ಟವರಿಗೆ ವರ್ಷಕ್ಕೆ ಸುಮಾರು ಶೇ. 20ರ ಪ್ರತಿಫಲದ ಆಸೆ ತೋರಿಸಲಾಗಿತ್ತು. 2022ರ ಮೇ ತಿಂಗಳಲ್ಲಿ ನಂಬಿಕೆ ಕುಸಿದು ಜನರು ಮಾರಲು ಮುಗಿಬಿದ್ದಾಗ ಸುಮಾರು 1,800 ಕೋಟಿ ಡಾಲರ್ ಚಲಾವಣೆಯಿದ್ದ ನಾಣ್ಯವೂ, ಅದಕ್ಕೆ ಆಧಾರವೆನ್ನಲಾಗಿದ್ದ ಲೂನಾ ಎಂಬ ಜೊತೆ ನಾಣ್ಯವೂ ಕೆಲವೇ ದಿನಗಳಲ್ಲಿ ಮಣ್ಣುಪಾಲಾದವು.

ಮೀಸಲಿದೆ ಎಂದು ಹೇಳಿದರೆ ಸಾಲದು, ಅದು ಪ್ರತಿದಿನ ಇರಬೇಕು. 2016ರಿಂದ 2018ರ ನಡುವಿನ 26 ತಿಂಗಳ ಅವಧಿಯನ್ನು ಪರಿಶೀಲಿಸಿದಾಗ ಶೇ. 27.6ರಷ್ಟು ದಿನಗಳಲ್ಲಿ ಮಾತ್ರ ಟೆದರ್ ಖಾತೆಗಳಲ್ಲಿ ಪೂರ್ಣ ನಗದು ಮೀಸಲಿತ್ತು ಎಂದು ಅಮೆರಿಕದ ಸರಕು ವಾಯಿದೆ ವ್ಯಾಪಾರ ಆಯೋಗವು ಕಂಡುಕೊಂಡು 2021ರ ಅಕ್ಟೋಬರ್‌ನಲ್ಲಿ 4.1 ಕೋಟಿ ಡಾಲರ್ ದಂಡ ವಿಧಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಜೊತೆ ಟೆದರ್ ಮತ್ತು ಅದರ ಸಹಸಂಸ್ಥೆ ಬಿಟ್‌ಫಿನೆಕ್ಸ್ 1.85 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿದ್ದವು. ಎರಡೂ ಪ್ರಕರಣಗಳು ತಪ್ಪೊಪ್ಪಿಗೆಯಿಲ್ಲದೆ ಇತ್ಯರ್ಥವಾದವು.

ಮೀಸಲು ಪೂರ್ಣವಾಗಿದ್ದರೂ ಅದನ್ನಿಟ್ಟ ಸ್ಥಳ ಭದ್ರವಾಗಿರಬೇಕು. 2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿದಾಗ ಯುಎಸ್‌ಡಿಸಿಯ ಸುಮಾರು 4,000 ಕೋಟಿ ಡಾಲರ್ ಮೀಸಲಿನಲ್ಲಿ 330 ಕೋಟಿ ಡಾಲರ್ ಅಲ್ಲಿ ಸಿಲುಕಿತು. ಇದು ಒಟ್ಟಿನ ಶೇ. 8ರಷ್ಟು ಮಾತ್ರ. ಆದರೂ ಒಂದು ಡಾಲರಿನ ನಾಣ್ಯ ಮರುದಿನ 88 ಸೆಂಟ್‌ಗಿಂತ ಕೆಳಗೆ ಜಾರಿತು. ವಾರಾಂತ್ಯವಾದ್ದರಿಂದ ಬ್ಯಾಂಕುಗಳಿಗೆ ರಜೆ, ಆದರೆ ನಾಣ್ಯದ ಮಾರುಕಟ್ಟೆಗೆ ರಜೆಯಿಲ್ಲ. ಠೇವಣಿದಾರರಿಗೆ ಪೂರ್ಣ ಹಣ ದೊರೆಯುವುದೆಂದು ಅಮೆರಿಕ ಸರ್ಕಾರ ಮಾರ್ಚ್ 12ರಂದು ಘೋಷಿಸಿದ ಮೇಲೆಯೇ ಬೆಲೆ ಚೇತರಿಸಿಕೊಂಡಿತು. ಆ ಎರಡು ದಿನಗಳಲ್ಲಿ ತುರ್ತಿಗಾಗಿ ಮಾರಿದವರ ನಷ್ಟ ಮಾತ್ರ ಅವರಲ್ಲಿಯೇ ಉಳಿಯಿತು.

ಭಾರತದಲ್ಲಿನ ಸ್ಥಿತಿ

ನಮ್ಮ ದೇಶದಲ್ಲಿ ರೂಪಾಯಿ ಸ್ಟೇಬಲ್‌ಕಾಯಿನ್ ಹೊರಡಿಸಲು ಪ್ರತ್ಯೇಕ ಪರವಾನಗಿ ನೀಡುವ ಕಾನೂನು 2025ರ ಅಂತ್ಯದವರೆಗೆ ಜಾರಿಗೆ ಬಂದಿರಲಿಲ್ಲ. ಗಣಕ ನಾಣ್ಯಗಳ ವ್ಯವಹಾರಕ್ಕೆ ಬ್ಯಾಂಕ್ ಸೇವೆ ನೀಡಬಾರದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಗೊಳಿಸಿತು. ಇದರಿಂದ ನಾಣ್ಯ ಹೊರಡಿಸಲು ಅನುಮತಿ ದೊರೆತಂತಾಗಲಿಲ್ಲ. ಧಾರಕನಿಗೆ ಕೇಳಿದೊಡನೆ ಹಣ ಕೊಡುವ ಹುಂಡಿ, ವಚನಪತ್ರ ಅಥವಾ ಕರಾರನ್ನು ರಿಸರ್ವ್ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರದ ಹೊರತು ಬೇರೆ ಯಾರೂ ಹೊರಡಿಸಬಾರದೆಂದು 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 31ನೆಯ ಕಲಮು ಹೇಳುತ್ತದೆ. ಯಾರ ಕೈಯಲ್ಲಿದ್ದರೂ ರೂಪಾಯಿಗೆ ಬದಲಾಯಿಸಿಕೊಡುವ ನಾಣ್ಯವನ್ನು ಯೋಚಿಸುವವರು ಈ ಕಲಮನ್ನು ಮೊದಲು ಓದಬೇಕು.

ತೆರಿಗೆಯ ವಿಷಯದಲ್ಲಿ ಸ್ಪಷ್ಟತೆಯಿದೆ. 2022ರ ಹಣಕಾಸು ಕಾಯಿದೆಯಿಂದ ಗಣಕ ನಾಣ್ಯಗಳು ವರ್ಚುಯಲ್ ಡಿಜಿಟಲ್ ಆಸ್ತಿಗಳ ವ್ಯಾಪ್ತಿಗೆ ಬಂದು, ವರ್ಗಾವಣೆಯ ಲಾಭದ ಮೇಲೆ ಶೇ. 30ರ ತೆರಿಗೆ, ಜೊತೆಗೆ ಸರ್‌ಚಾರ್ಜ್ ಮತ್ತು ಸೆಸ್ ಬೀಳುತ್ತದೆ. ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನು ಕಳೆಯುವಂತಿಲ್ಲ. ನಷ್ಟವನ್ನು ಬೇರೆ ಆದಾಯಕ್ಕೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. 2022ರ ಜುಲೈ 1ರಿಂದ ವರ್ಗಾವಣೆ ಮೊತ್ತದ ಮೇಲೆ ಶೇ. 1ರ ಮೂಲದಲ್ಲಿ ತೆರಿಗೆ ಕಡಿತ ಅನ್ವಯವಾಗಿದೆ. ಸಣ್ಣ ಮೊತ್ತಗಳಿಗೆ ವಿನಾಯಿತಿ ಇದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಡಿತವು ಲಾಭದ ಮೇಲಲ್ಲ, ಪೂರ್ಣ ಮೊತ್ತದ ಮೇಲೆ. ಒಂದೇ ಹಣ ಐದು ಕೈ ಬದಲಾದರೆ ಐದು ಸಲ ಕಡಿತ. ಶೇ. 2 ಅಥವಾ 3ರ ಲಾಭದಲ್ಲಿ ನಡೆಯುವ ಸಗಟು ವ್ಯಾಪಾರಕ್ಕೆ ಇಂತಹ ಪಾವತಿ ಸಾಧನವು ಹೊಂದುವುದಿಲ್ಲ.

2023ರ ಮಾರ್ಚ್ 7ರ ಅಧಿಸೂಚನೆಯಂತೆ ಈ ಆಸ್ತಿಗಳ ವಿನಿಮಯ, ವರ್ಗಾವಣೆ, ಪಾಲನೆಯ ಸೇವೆಗಳನ್ನು ನೀಡುವವರು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಗೆ ಒಳಪಡುತ್ತಾರೆ. ಕಂಪನಿಗಳು ಇಂತಹ ನಾಣ್ಯಗಳನ್ನು ಹೊಂದಿದ್ದರೆ ಅಥವಾ ವ್ಯವಹರಿಸಿದ್ದರೆ 2021ರ ಏಪ್ರಿಲ್ 1ರಿಂದ ಲೆಕ್ಕಪತ್ರಗಳ ಟಿಪ್ಪಣಿಯಲ್ಲಿ ಅದನ್ನು ತಿಳಿಸಬೇಕು.

ರಫ್ತುದಾರರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ರಫ್ತಿನ ಹಣವು ವಿದೇಶಿ ವಿನಿಮಯದ ಅಧಿಕೃತ ಬ್ಯಾಂಕಿನ ಮೂಲಕವೇ ಬರಬೇಕು. ಸ್ಟೇಬಲ್‌ಕಾಯಿನ್ ಪಡೆದರೆ ಬ್ಯಾಂಕಿನಿಂದ ವಸೂಲಾತಿ ಪ್ರಮಾಣಪತ್ರ ಸಿಗುವುದಿಲ್ಲ. ಸೇವೆಗಳ ರಫ್ತಿನಲ್ಲಿ, ರಿಸರ್ವ್ ಬ್ಯಾಂಕು ರೂಪಾಯಿಯಲ್ಲಿ ಪಡೆಯಲು ಅನುಮತಿಸಿದ ಸಂದರ್ಭಗಳನ್ನು ಬಿಟ್ಟರೆ, ಪರಿವರ್ತನೀಯ ವಿದೇಶಿ ವಿನಿಮಯದಲ್ಲಿ ಹಣ ಬಂದಿರಬೇಕೆಂಬುದು ಜಿಎಸ್‌ಟಿ ಕಾನೂನಿನ ವ್ಯಾಖ್ಯೆಯ ಭಾಗವೇ ಆಗಿದೆ. ಹೀಗಾಗಿ ಬೆಂಗಳೂರಿನ ಸಣ್ಣ ತಂತ್ರಾಂಶ ಸಂಸ್ಥೆಯೊಂದು ನಾಣ್ಯದಲ್ಲಿ ಹಣ ಪಡೆದು ಬ್ಯಾಂಕ್ ಶುಲ್ಕ ಉಳಿಸಲು ಹೋದರೆ, ರಫ್ತಿನ ತೆರಿಗೆ ಸೌಲಭ್ಯವೇ ಪ್ರಶ್ನೆಗೆ ಒಳಗಾಗುವ ಸಂಭವವಿದೆ.

ಪರ್ಯಾಯ ದಾರಿಗಳು

ದೇಶದೊಳಗಿನ ಪಾವತಿಗೆ ಸ್ಟೇಬಲ್‌ಕಾಯಿನ್ ನೀಗಿಸಬೇಕಾದ ಕೊರತೆಯೇ ಕಡಿಮೆ. ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ಪಾವತಿ ಪಡೆಯುವ ವ್ಯಾಪಾರಿಗೆ 2020ರ ಜನವರಿಯಿಂದ ಬ್ಯಾಂಕು ವರ್ತಕ ಶುಲ್ಕ ವಿಧಿಸುವಂತಿಲ್ಲ. ರಿಸರ್ವ್ ಬ್ಯಾಂಕು ತಾನೇ ಹೊರಡಿಸಿರುವ ಡಿಜಿಟಲ್ ರೂಪಾಯಿಯ ಚಿಲ್ಲರೆ ಪ್ರಯೋಗವು 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿದಂತೆ ನಾಲ್ಕು ನಗರಗಳಲ್ಲಿ ಆರಂಭವಾಯಿತು. ಖಾಸಗಿ ನಾಣ್ಯಕ್ಕಿಂತ ಕೇಂದ್ರ ಬ್ಯಾಂಕಿನ ನಾಣ್ಯವೇ ಮೇಲೆಂಬುದು ರಿಸರ್ವ್ ಬ್ಯಾಂಕಿನ ನಿಲುವಾಗಿದೆ.

ತನ್ನದೇ ಗ್ರಾಹಕರನ್ನು ಉಳಿಸಿಕೊಳ್ಳಲು ಬಯಸುವ ಅಂಗಡಿಯು ತನ್ನ ಸರಕಿಗೆ ಮಾತ್ರ ಸಲ್ಲುವ ಕಾರ್ಡನ್ನೋ ಕೂಪನ್ನನ್ನೋ ಕೊಡಬಹುದು; ನಗದಾಗಿ ಮರಳಿಸದ, ಬೇರೆಡೆ ಸಲ್ಲದ ಇಂತಹ ಸಾಧನಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಆದರೆ ಹಲವು ಅಂಗಡಿಗಳಲ್ಲಿ ಸಲ್ಲುವಂತೆ ಮಾಡಿದೊಡನೆ ಅದು ಮುಂಗಡ ಪಾವತಿ ಸಾಧನಗಳ ನಿಯಮಕ್ಕೆ ಒಳಪಡುತ್ತದೆ. 2021ರ ನಿರ್ದೇಶನವು ಬ್ಯಾಂಕೇತರ ಸಂಸ್ಥೆಗಳಿಗೆ ಅರ್ಜಿಯ ವೇಳೆಗೆ ರೂ. 5 ಕೋಟಿ ಮತ್ತು ಮೂರನೆಯ ಹಣಕಾಸು ವರ್ಷಾಂತ್ಯಕ್ಕೆ ರೂ. 15 ಕೋಟಿ ನಿವ್ವಳ ಸಂಪತ್ತನ್ನು ವಿಧಿಸಿತ್ತು. ಮಾರುಕಟ್ಟೆ ಪ್ರದೇಶದ ವರ್ತಕರೆಲ್ಲ ಸೇರಿ ಒಂದೇ ಟೋಕನ್ ನಡೆಸುವ ಯೋಜನೆಗಳು ಸಾಮಾನ್ಯವಾಗಿ ಈ ಗೆರೆಯನ್ನು ದಾಟಿಬಿಡುತ್ತವೆ.

ಕೇಳಬೇಕಾದ ಪ್ರಶ್ನೆಗಳು

ಇಂತಹ ಪ್ರಸ್ತಾವನೆ ಬಂದಾಗ ಹಣ ತೊಡಗಿಸುವ ಮುನ್ನ ಈ ಕೆಳಕಂಡ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಒಳಿತು.

1. ನಾಣ್ಯ ಹೊರಡಿಸುವ ಸಂಸ್ಥೆ ಯಾವ ದೇಶದಲ್ಲಿ, ಯಾವ ಕಾನೂನಿನಡಿ ಪರವಾನಗಿ ಪಡೆದಿದೆ?
2. ಮೀಸಲು ನಿಧಿ ಯಾವ ಬ್ಯಾಂಕಿನಲ್ಲಿ, ಯಾರ ಹೆಸರಿನಲ್ಲಿದೆ? ಅದನ್ನು ಯಾವ ಲೆಕ್ಕಪರಿಶೋಧಕರು, ಎಷ್ಟು ದಿನಕ್ಕೊಮ್ಮೆ ಪರಿಶೀಲಿಸುತ್ತಾರೆ?
3. ನಾಣ್ಯ ಹಿಡಿದವನು ನೇರವಾಗಿ ಸಂಸ್ಥೆಯಿಂದ ಹಣ ಪಡೆಯಬಹುದೇ, ಎಷ್ಟು ದಿನದಲ್ಲಿ?
4. ಸಂಸ್ಥೆಯು ದಿವಾಳಿಯಾದರೆ ಮೀಸಲಿನ ಮೇಲೆ ಮೊದಲ ಹಕ್ಕು ಯಾರದು?
5. ಲಾಭ-ನಷ್ಟರಹಿತ ಹಂತಕ್ಕೆ ಎಷ್ಟು ಚಲಾವಣೆ ಬೇಕು, ಅಲ್ಲಿಯವರೆಗಿನ ನಷ್ಟವನ್ನು ತುಂಬುವವರು ಯಾರು?
6. ನಾಣ್ಯವನ್ನು ಸುಮ್ಮನೆ ಇಟ್ಟುಕೊಂಡರೂ ಹೆಚ್ಚಿನ ಪ್ರತಿಫಲ ಸಿಗುವುದೆಂದು ಹೇಳಿದ್ದರೆ ಆ ಹಣ ಬರುವುದು ಎಲ್ಲಿಂದ?

ಸ್ಟೇಬಲ್‌ಕಾಯಿನ್ ತಂತ್ರಜ್ಞಾನವನ್ನು ಹಗುರವಾಗಿ ಕಾಣಬೇಕಾಗಿಲ್ಲ. ರಾತ್ರಿ, ರಜೆ ಎನ್ನದೆ ನಿಮಿಷಗಳಲ್ಲಿ ಗಡಿ ದಾಟುವ ಪಾವತಿಯ ಅನುಕೂಲ ನೈಜವಾದದ್ದು. ದೊಡ್ಡ ರಾಷ್ಟ್ರಗಳು ಅದಕ್ಕೆ ಕಾನೂನಿನ ಚೌಕಟ್ಟು ಹಾಕಿರುವುದೂ ಅದರ ಉಪಯೋಗವನ್ನು ಮನಗಂಡೇ. ಆದರೆ ಅದನ್ನು ಹೊರಡಿಸುವುದು ಪರರ ಹಣವನ್ನು ಕಾಯುವ ಉದ್ಯಮ. ಅದಕ್ಕೆ ಬ್ಯಾಂಕಿನಷ್ಟೇ ಶಿಸ್ತು, ದೊಡ್ಡ ಪ್ರಮಾಣದ ಚಲಾವಣೆ ಮತ್ತು ವರ್ಷಗಟ್ಟಲೆ ನಷ್ಟ ತಾಳುವ ಬಂಡವಾಳ ಬೇಕು. ದುಡಿಯುವ ಬಂಡವಾಳಕ್ಕೇ ಓವರ್‌ಡ್ರಾಫ್ಟ್ ಅವಲಂಬಿಸಿರುವ ಸಣ್ಣ ಉದ್ದಿಮೆದಾರರು ಮತ್ತು ವರ್ತಕರು ಇಂತಹ ಯೋಜನೆಗೆ ಪಾಲುದಾರರಾಗುವ ಮುನ್ನ ಮೇಲಿನ ಲೆಕ್ಕವನ್ನು ತಮ್ಮದೇ ಅಂಕಿಗಳೊಂದಿಗೆ ಮಾಡಿ ನೋಡಿ, ತಮ್ಮ ಲೆಕ್ಕಪರಿಶೋಧಕರ ಮತ್ತು ಕಾನೂನು ಸಲಹೆಗಾರರ ಅಭಿಪ್ರಾಯ ಪಡೆದೇ ಮುಂದುವರಿಯುವುದು ಕ್ಷೇಮಕರ.